ಚಳಿಗಾಲದಲ್ಲಿ ಮನೆ ಅಗ್ಗ ಅನ್ನೋ ಲೆಕ್ಕ ಪೂರ್ತಿ ಸರಿ ಇಲ್ಲ

ಮಾನ್ಯ ಸಂಪಾದಕರೇ,

ಚಳಿ ಶುರುವಾಯ್ತು ಅಂದ್ರೆ ಸಾಕು, ಪೇಪರ್‌ಗಳ ಪ್ರಾಪರ್ಟಿ ಪುಟದಲ್ಲಿ "ಈಗ ಮನೆ ಕೊಂಡ್ರೆ ಲಾಭ, ಕೊಳ್ಳೋರೇ ಇಲ್ಲ, ಚೌಕಾಸಿ ಮಾಡಿ" ಅನ್ನೋ ಥರದ ಬರಹ ಬಂದೇ ಬರತ್ತೆ. ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ, ಆದ್ರೆ ಅರ್ಧ ಮಾತ್ರ ಹೇಳಿ ಬಿಟ್ಬಿಡ್ತಾರೆ. ಕೊಳ್ಳೋರು ಕಡಿಮೆ ಆದಾಗ ಮಾರೋರೂ ಕಡಿಮೆ ಆಗ್ತಾರಲ್ಲ, ಅದನ್ನ ಯಾರೂ ಬರೆಯಲ್ಲ.

ರೇಚಲ್ ಎನ್‌ಗಾಯ್ ಮತ್ತು ಸಿಲ್ವಾನಾ ಟೆನ್ರೇರೋ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2014ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಇದರ ಬಗ್ಗೆನೇ ಬರ್ದಿದ್ದಾರೆ, ಬ್ರಿಟನ್ ಮತ್ತು ಅಮೆರಿಕದ ಲೆಕ್ಕ ಇಟ್ಕೊಂಡು. ಅವರ ಮಾತಿನ ಸಾರ ಇಷ್ಟು: ಬೆಚ್ಚಗಿನ ತಿಂಗಳುಗಳಲ್ಲಿ ಮನೆಗಳೂ ಜಾಸ್ತಿ ಇರ್ತವೆ ಜನರೂ ಜಾಸ್ತಿ ಇರ್ತಾರೆ, ಹಾಗಾಗಿ ನಮಗೆ ನಿಜವಾಗ್ಲೂ ಒಪ್ಪೋ ಮನೆ ಸಿಗೋ ಸಾಧ್ಯತೆ ಜಾಸ್ತಿ, ಒಪ್ಪಿದ ಮನೆಗೆ ಜನ ನಾಲ್ಕು ಕಾಸು ಹೆಚ್ಚಿಗೆ ಕೊಡೋಕೂ ರೆಡಿ ಇರ್ತಾರೆ. ಅಂದ್ರೆ ಚಳಿಗಾಲದಲ್ಲಿ ಕಮ್ಮಿ ಆಗೋ ರೇಟಿನ ಒಂದು ಭಾಗ ಡಿಸ್ಕೌಂಟೇ ಅಲ್ಲ, ನಮಗೆ ಆಯ್ಕೆ ಕಮ್ಮಿ ಆಗಿದ್ದಕ್ಕೆ ಸಿಕ್ಕ ಪರಿಹಾರ ಅಷ್ಟೇ. ಹಾಗೇನೇ ಈ ಚಳಿಗಾಲದ ರೇಟನ್ನ ಹೋದ ಬೇಸಿಗೆ ಜೊತೆ ಹೋಲಿಸಿ "ಬಿದ್ದೋಯ್ತು" ಅನ್ನೋದೂ ತಪ್ಪು, ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು ಅಂತ ನೋಡ್ಬೇಕು. ಅಮೆರಿಕದಲ್ಲಿ ಮನೆ ರೇಟಿನ ಏರಿಳಿತ ಅಳೆಯೋ ಕೇಸ್-ಶಿಲ್ಲರ್ ಸೂಚ್ಯಂಕದವರು ಋತುಮಾನದ ಏರಿಳಿತ ತೆಗೆದು ಒಂದು, ಇದ್ದ ಹಾಗೇ ಒಂದು ಅಂತ ಎರಡು ಥರ ಅಂಕಿ ಕೊಡೋದು ಸುಮ್ನೆ ಅಲ್ಲ.

ಇನ್ನು ಚಳಿಲಿ ಮಾರೋಕೆ ಬರೋರು ಯಾರು ನೋಡಿ. ಒಂದು, ಕಾಯೋಕೆ ಆಗದೇ ಇರೋರು: ಕೆಲಸದಲ್ಲಿ ವರ್ಗ ಆದೋರು, ಬೇರೆ ಮನೆ ತಗೊಂಡು ಎರಡೆರಡು ಕಂತು ಕಟ್ತಿರೋರು, ಆಸ್ತಿ ಪಾಲು ಮುಗಿಸ್ಬೇಕಾದೋರು, ವರ್ಷದ ಲೆಕ್ಕ ಮುಗಿಯೋದ್ರೊಳಗೆ ಉಳಿದ ಫ್ಲ್ಯಾಟ್ ದಾಟಿಸ್ಬೇಕು ಅನ್ನೋ ಬಿಲ್ಡರ್‌ಗಳು. ಎರಡು, ಬೇಸಿಗೆ ಪೂರ್ತಿ ಯಾರೂ ಮುಟ್ಟದೆ ಉಳಿದ ಮನೆಗಳು. ಮೊದಲನೇ ಗುಂಪಲ್ಲಿ ಚೌಕಾಸಿಗೆ ಜಾಗ ಇದೆ, ಎರಡನೇದ್ರಲ್ಲಿ ಯಾಕೆ ಉಳೀತು ಅಂತ ಕೇಳ್ಬೇಕು. ಮಾರ್ಕೆಟ್ಟಿಗೆ ಬಿಟ್ಟು ಎಷ್ಟು ದಿನ ಆಯ್ತು ಅಂತ ಕೇಳಿದ್ರೆ ಸಾಲ್ದು, ಒಂದ್ಸಲ ವಾಪಸ್ ತಗೊಂಡು ಹೊಸದಾಗಿ ಜಾಹೀರಾತು ಹಾಕಿದ್ರೆ ದಿನದ ಲೆಕ್ಕ ಮತ್ತೆ ಒಂದರಿಂದ ಶುರು ಆಗಬಹುದು, ಹಾಗಾಗಿ ಮೊದಲ ಸಲ ಯಾವಾಗ ಬಿಟ್ರಿ, ಆಗ ಎಷ್ಟು ಹೇಳಿದ್ರಿ ಅಂತ ಕೇಳಿ.

ನನ್ನ ಪ್ರಕಾರ ಚಳಿಗಾಲದ ನಿಜವಾದ ಲಾಭ ರೇಟಲ್ಲಿಲ್ಲ, ಮನೆ ತನ್ನ ಹುಳುಕನ್ನ ತಾನೇ ತೋರಿಸತ್ತಲ್ಲ ಅದ್ರಲ್ಲಿದೆ. ನಾನು ನೋಡಿದ ಒಂದು ಫ್ಲ್ಯಾಟಲ್ಲಿ ಹೊರಗಡೆ ಗೋಡೆ ಮೂಲೆಗೆ ವಾರ್ಡ್‌ರೋಬ್ ಒತ್ತಿ ಇಟ್ಟಿದ್ರು, ಸ್ವಲ್ಪ ಸರಿಸಿ ಅಂದ್ರೆ ಏಜೆಂಟ್ ಮುಖ ಸಣ್ಣ ಆಯ್ತು, ಸರಿಸಿದ್ರೆ ಹಿಂದೆ ಸೊಂಟದೆತ್ತರಕ್ಕೆ ಕಪ್ಪು ಬೂಷ್ಟು. "ಬೇಸಿಗೆಲಿ ತಾನಾಗೇ ಒಣಗತ್ತೆ ಸಾರ್" ಅಂದ, ಒಣಗತ್ತೆ ನಿಜ, ಅದಕ್ಕೇ ಬೇಸಿಗೆಲಿ ನೋಡೋರಿಗೆ ಅದು ಕಾಣಲ್ಲ! ಎರಡು ಗಾಜಿನ ಕಿಟಕಿ ಇದ್ರೆ ಗಾಜುಗಳ ಮಧ್ಯೆ ಮಂಜು ಕಟ್ಟಿದ್ಯಾ ನೋಡಿ, ಕಟ್ಟಿದ್ರೆ ಸೀಲ್ ಹೋಗಿದೆ ಅಂತ, ಎಷ್ಟು ಒರೆಸಿದ್ರೂ ಹೋಗಲ್ಲ. ಹೊರಗೋಡೆಯ ಪ್ಲಗ್ ಪಾಯಿಂಟ್ ಹತ್ರ ಅಂಗೈ ಹಿಡೀರಿ, ತಣ್ಣಗೆ ಗಾಳಿ ಬಂದ್ರೆ ಎಲ್ಲೋ ಸಂದು ಇದೆ ಅಂತ ಗೊತ್ತಾಗತ್ತೆ. ಗೋಡೆಲಿ ಬಿಸಿ ಎಲ್ಲಿ ಸೋರತ್ತೆ ಅಂತ ತೋರಿಸೋ ಥರ್ಮಲ್ ಕ್ಯಾಮೆರಾದವರನ್ನ ಕರ್ಸೋದಿದ್ರೂ ಇದೇ ಸಮಯ, ಒಳಗೂ ಹೊರಗೂ ಹತ್ತು ಡಿಗ್ರಿ ಆದ್ರೂ ವ್ಯತ್ಯಾಸ ಇದ್ರೇನೇ ಅದು ಚೆನ್ನಾಗಿ ತೋರಿಸೋದು. ಹೀಟರ್ ಇರೋ ಮನೆ ಆದ್ರೆ ಹೇಳಿದ ಟೈಮಿಗಿಂತ ಸ್ವಲ್ಪ ಮುಂಚೆನೇ ಹೋಗಿ, ಇಲ್ಲಾಂದ್ರೆ ಬೆಳಿಗ್ಗೆಯಿಂದ ಹಚ್ಚಿ ಬೆಚ್ಚಗೆ ಮಾಡಿ ಇಟ್ಟಿರ್ತಾರೆ.

ಬೆಳಕೂ ಅಷ್ಟೇ. ಚಳಿ ದೇಶಗಳಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಮಧ್ಯಾಹ್ನದ ಸೂರ್ಯನ ಎತ್ತರದಲ್ಲಿ ಸುಮಾರು 47 ಡಿಗ್ರಿ ವ್ಯತ್ಯಾಸ ಇರತ್ತೆ, ಎದುರು ಬಿಲ್ಡಿಂಗಿನ ನೆರಳು ಅತಿ ಉದ್ದ ಆಗೋದು ಈಗ್ಲೇ. ಸಂಜೆ ಆಫೀಸ್ ಬಿಟ್ಟು ಲೈಟ್ ಹಾಕಿದ ಮೇಲೆ ಮನೆ ನೋಡಿ ಒಪ್ಕೊಳ್ಳೋರನ್ನ ನೋಡಿದ್ರೆ ನನಗೆ ಆಶ್ಚರ್ಯ ಆಗತ್ತೆ, ಒಂದು ದಿನ ಅರ್ಧ ರಜ ಹಾಕಿ ಮಧ್ಯಾಹ್ನ ಹೋಗೋಕೇನು?

ಆದ್ರೆ ಚಳಿ ಕೆಲವನ್ನ ಮುಚ್ಚೂ ಇಡತ್ತೆ. ಹೊರಗೆ 15 ಡಿಗ್ರಿಗಿಂತ ಕಮ್ಮಿ ಇದ್ರೆ ಎಸಿ ಕೂಲಿಂಗ್ ಹಚ್ಚಿ ಪರೀಕ್ಷೆ ಮಾಡ್ಬಾರ್ದು ಅಂತಾರೆ, ಎಷ್ಟೋ ಮಾಡೆಲ್‌ಗಳಲ್ಲಿ ಕಂಪ್ರೆಸರ್‌ಗೆ ಪೆಟ್ಟು. ಹಿಮ ಬೀಳೋ ಕಡೆ ಛಾವಣಿ, ಅಂಗಳದ ಇಳಿಜಾರು, ನೀರು ಯಾವ ಕಡೆ ಹರಿಯತ್ತೆ, ಏನೂ ಕಾಣಲ್ಲ. ಇದಕ್ಕೆ ಮಾರೋರ ಹತ್ರ ಬೇಸಿಗೆಲಿ ತೆಗೆದ ಫೋಟೋ, ಎಸಿ ಸರ್ವೀಸ್ ಚೀಟಿ, ಬೇಸಿಗೆ ತಿಂಗಳ ಕರೆಂಟ್ ಬಿಲ್ ಕೇಳಿ. ಇನ್ನೂ ಅನುಮಾನ ಇದ್ರೆ, ಹಿಮ ಕರಗಿದ ಮೇಲೆ ಚೆಕ್ ಮಾಡಿ ಕೊಡ್ತೀವಿ ಅಂತ ಸ್ವಲ್ಪ ದುಡ್ಡು ತಡೆ ಹಿಡಿಯೋ ಷರತ್ತು ಹಾಕೋಕಾಗತ್ತಾ ಅಂತ ವಕೀಲರನ್ನ ಕೇಳಿ. ಕೊಳ್ಳೋರೇ ಇಲ್ದಿರೋ ಟೈಮಲ್ಲಿ ಇಂಥ ಷರತ್ತಿಗೆ ಒಪ್ಪೋ ಸಾಧ್ಯತೆ ಇರತ್ತೆ, ಬೇಸಿಗೆ ನೂಕುನುಗ್ಗಲಲ್ಲಿ ಬಾಯಿ ಬಿಡೋಕೂ ಬಿಡಲ್ಲ.

ಸಾಲದ ಬಡ್ಡಿಗೂ ಚಳಿಗೂ ಸಂಬಂಧ ಇಲ್ಲ, ಅದು ಬೇರೆ ಲೆಕ್ಕ. ವರ್ಷದ ಕೊನೆ ರಜೆಗಳಲ್ಲಿ ಮಾತ್ರ ಫೈಲು ಎಲ್ಲೋ ನಿಂತು, ಲಾಕ್ ಮಾಡ್ಸಿದ (ಅಂದ್ರೆ ಇಷ್ಟು ದಿನ ಬದಲಾಯಿಸಲ್ಲ ಅಂತ ಸಾಲ ಕೊಡೋರು ಒಪ್ಪಿದ) ಬಡ್ಡಿ ದರದ ಗಡುವು ದಾಟಿ ಹೋಗ್ಬೋದು, ಹತ್ತು ದಿನ ಜಾಸ್ತಿನೇ ಕೇಳಿ ಇಟ್ಕೊಳ್ಳಿ.

ನಿಮ್ಮಲ್ಲಿ ಒಂದು ವಿನಂತಿ, ಪ್ರಾಪರ್ಟಿ ಪುಟದಲ್ಲಿ ರೇಟಿನ ಪಟ್ಟಿ ಹಾಕುವಾಗ ಹೋದ ತಿಂಗಳ ಅಂಕಿ ಪಕ್ಕದಲ್ಲೇ ಹೋದ ವರ್ಷದ ಇದೇ ತಿಂಗಳ ಅಂಕಿಯನ್ನೂ, ಎಷ್ಟು ಮನೆ ಮಾರಾಟ ಆದವು ಅನ್ನೋದನ್ನೂ ಹಾಕಿ. ಒಂದು ಕಾಲಂ ಜಾಗ ಸಾಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ