ಹದವಾದ ಚಳಿ, ಒದ್ದೆ ರಸ್ತೆ: ವೇಗದ ಕಾರಿಗೆ ಎಂಥ ಟೈರ್?

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ರಸ್ತೆಗಳಲ್ಲಿ ಈಚಿನ ವರ್ಷಗಳಲ್ಲಿ ಟರ್ಬೊ ಎಂಜಿನ್ನಿನ ವೇಗದ ಕಾರುಗಳು ಹೆಚ್ಚಾಗಿವೆ. ಅವುಗಳ ಮೊದಲ ಟೈರ್ ಸವೆದು ಅಂಗಡಿಗೆ ಬರುವ ಯುವಕರಲ್ಲಿ ಹೆಚ್ಚಿನವರು ಟೈರಿನ ಅಗಲವನ್ನೂ ನೋಟವನ್ನೂ ವಿಚಾರಿಸುತ್ತಾರೆಯೇ ಹೊರತು, ಒದ್ದೆ ರಸ್ತೆಯಲ್ಲಿ ಅದು ಎಷ್ಟು ಹಿಡಿಯುತ್ತದೆ ಎಂಬುದನ್ನು ಕೇಳುವುದಿಲ್ಲ. ಇನ್ನು ಕೆಲವರು ಹೊರದೇಶದಲ್ಲಿರುವ ನೆಂಟರ ಮಾತು ಕೇಳಿ, ಚಳಿಗಾಲಕ್ಕೆಂದೇ ಬೇರೆ ವಿಂಟರ್ ಟೈರ್ ತರಿಸಬೇಕೇ ಎಂದು ವಿಚಾರಿಸುತ್ತಾರೆ. ಈ ಎರಡೂ ದಾರಿಗಳು ನಮ್ಮ ಊರಿಗೆ ಹೊಂದುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಸಿಯಾಟಲ್, ವ್ಯಾಂಕೂವರ್ ಅಥವಾ ದಕ್ಷಿಣ ಇಂಗ್ಲೆಂಡಿನಂಥ ಕಡೆ ಚಳಿಗಾಲವೆಂದರೆ ಹಿಮಕ್ಕಿಂತ ಮಳೆಯೇ ಹೆಚ್ಚು. ಆದರೂ ಅಲ್ಲಿ ತಿಂಗಳುಗಟ್ಟಲೆ ಉಷ್ಣಾಂಶ ಐದಾರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯ ಸ್ಪೋರ್ಟ್ಸ್ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುವುದರಿಂದ, ಹಿಮದ ಮೇಲೂ ಪರೀಕ್ಷೆಯಾಗಿದೆ ಎಂದು ಸೂಚಿಸುವ ಮೂರು ಶಿಖರ ಮತ್ತು ಹಿಮದ ಹರಳಿನ ಗುರುತುಳ್ಳ, ಎಲ್ಲ ಕಾಲಕ್ಕೂ ಆಗುವ ಆಲ್-ಸೀಸನ್ ಟೈರು ಅಲ್ಲಿನವರಿಗೆ ಒಳ್ಳೆಯ ನಡುದಾರಿ. ನಮ್ಮಲ್ಲಿ ಡಿಸೆಂಬರ್, ಜನವರಿಯ ನಸುಕಿನಲ್ಲೂ ಉಷ್ಣಾಂಶ ಸಾಮಾನ್ಯವಾಗಿ 12 ಡಿಗ್ರಿಗಿಂತ ಮೇಲೆಯೇ ಇರುತ್ತದೆ, ಮಧ್ಯಾಹ್ನ 28ರ ಹತ್ತಿರ ಹೋಗುತ್ತದೆ. ಇಂಥಲ್ಲಿ ವಿಂಟರ್ ಟೈರಿನ ಮೆದು ರಬ್ಬರು ತಿರುವಿನಲ್ಲಿ ಹೊಯ್ದಾಡುತ್ತದೆ, ಬ್ರೇಕ್ ಹಾಕಿದಾಗ ಹೆಚ್ಚು ದೂರ ಓಡುತ್ತದೆ, ಬೇಗ ಸವೆಯುತ್ತದೆ. ಹಾಗಾಗಿ ಆ ವಿಚಾರವನ್ನು ಇಲ್ಲಿಗೇ ಬಿಡಬಹುದು.

ಆದರೆ ಒದ್ದೆ ರಸ್ತೆ ಮಾತ್ರ ನಮಗೂ ತಪ್ಪಿದ್ದಲ್ಲ. ಮುಂಗಾರು ಮುಗಿದ ಮೇಲೆ ಹಿಂಗಾರು ಬರುತ್ತದೆ. ದೀಪಾವಳಿ ಕಳೆದರೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಇಲ್ಲಿ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯುವುದುಂಟು. ವಾರಗಟ್ಟಲೆ ಕೂತ ಧೂಳು ಮತ್ತು ಎಣ್ಣೆಯ ಮೇಲೆ ಬೀಳುವ ಆ ಮೊದಲ ಹನಿಗಳು ಜೋರು ಮಳೆಗಿಂತ ಹೆಚ್ಚು ಜಾರಿಸುತ್ತವೆ. ಗದಗ ರಸ್ತೆಯಲ್ಲಂತೂ ಟ್ರ್ಯಾಕ್ಟರ್ ಗಾಲಿಗಳು ಹೊಲದಿಂದ ಹೊತ್ತು ತಂದ ಎರಿಮಣ್ಣು ಡಾಂಬರಿನ ಮೇಲೆ ಲೇಪದಂತೆ ಹರಡಿರುತ್ತದೆ, ಅದರ ಮೇಲೆ ಯಾವ ಟೈರಿಗೂ ಪೂರ್ತಿ ಹಿಡಿತ ಸಿಗುವುದಿಲ್ಲ. ಅಲ್ಲಿ ವೇಗ ತಗ್ಗಿಸುವುದೊಂದೇ ಉಪಾಯ.

ಅಗಲದ ವಿಚಾರವನ್ನು ಲೆಕ್ಕ ಹಾಕಿಯೇ ನೋಡೋಣ. ರಸ್ತೆಯ ಮೇಲೆ 3 ಮಿಲಿಮೀಟರ್ ನೀರು ನಿಂತಿದ್ದು, 205 ಮಿ.ಮೀ. ಅಗಲದ ಟೈರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದರ ಮೇಲೆ ಸಾಗಿದರೆ, ಅದು ಸೆಕೆಂಡಿಗೆ ಸುಮಾರು 13.7 ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಕೊಡ ನೀರನ್ನು ತನ್ನ ದಾರಿಯಿಂದ ಸರಿಸಬೇಕು. ಅದೇ ಜಾಗದಲ್ಲಿ 245 ಮಿ.ಮೀ. ಟೈರಿಗೆ 16 ಲೀಟರಿಗೂ ಮೀರಿದ ಕೆಲಸ. ಟೈರಿನ ಮೈಮೇಲಿನ ತೋಡುಗಳಿಗೆ ಆ ನೀರನ್ನು ಹೊರಗೆ ಹಾಕಲು ಆಗದಿದ್ದ ಕ್ಷಣದಲ್ಲಿ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇದ್ದರೂ ಪ್ರಯೋಜನವಾಗುವುದಿಲ್ಲ, ಏಕೆಂದರೆ ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು. ನರೇಂದ್ರ ಕಡೆಯ ಬೈಪಾಸಿನಲ್ಲಿ ಲಾರಿಗಳು ಒತ್ತಿ ತಗ್ಗು ಮಾಡಿದ ಜಾಡುಗಳಲ್ಲಿ ನೀರು ನಿಂತಾಗ ಇದು ಆಗಲು ಹೆಚ್ಚು ಹೊತ್ತು ಬೇಡ. ಕಂಪನಿ ಸೂಚಿಸಿದ ಅಳತೆಯನ್ನೇ ಉಳಿಸಿಕೊಂಡು, ಅಗಲಕ್ಕೆ ಸುರಿಯುವ ಹಣವನ್ನು ಒಳ್ಳೆಯ ದರ್ಜೆಯ ಟೈರಿಗೆ ಹಾಕುವುದು ಜಾಣತನ. ರೇಸ್ ಟ್ರ್ಯಾಕಿಗೆಂದು ಮಾಡಿದ, ತೋಡು ಕಡಿಮೆಯಿರುವ ಸೆಮಿ-ಸ್ಲಿಕ್ ಟೈರುಗಳನ್ನು ನಿತ್ಯ ಓಡಿಸುವ ಕಾರಿಗೆ ಹಾಕಲೇಬಾರದು.

ಹಾಗಾದರೆ ಆಯ್ಕೆ ಹೇಗೆ? ಐರೋಪ್ಯ ಲೇಬಲ್ ಇರುವ ಟೈರಿನಲ್ಲಿ ಮಳೆಮೋಡದ ಚಿತ್ರದ ಕೆಳಗೆ ಎ ಇಂದ ಇ ವರೆಗಿನ ಒದ್ದೆ ಹಿಡಿತದ ದರ್ಜೆ ಇರುತ್ತದೆ. ಒಂದೊಂದು ದರ್ಜೆ ಇಳಿದಂತೆ 80 ಕಿ.ಮೀ. ವೇಗದಿಂದ ಕಾರು ನಿಲ್ಲುವ ದೂರ ಸುಮಾರು ಮೂರರಿಂದ ಆರು ಮೀಟರಿನಷ್ಟು ಹೆಚ್ಚುತ್ತದೆ. ಮುಂದಿನ ಗಾಡಿಗೆ ಗುದ್ದುವುದಕ್ಕೂ ಗುದ್ದದೆ ನಿಲ್ಲುವುದಕ್ಕೂ ಇರುವ ಅಂತರ ಅನೇಕ ಸಲ ಇಷ್ಟೇ. ಲೇಬಲ್ ಇಲ್ಲದಿದ್ದರೆ ಟೈರಿನ ಪಕ್ಕದಲ್ಲಿ ಅಚ್ಚಾದ ಟ್ರ್ಯಾಕ್ಷನ್ ದರ್ಜೆಯನ್ನು, ಅಂದರೆ ಎಎ, ಎ, ಬಿ, ಸಿ ಎಂಬುದನ್ನು ನೋಡಬಹುದು. ಆದರೆ ಅದು ಒದ್ದೆ ನೆಲದ ಮೇಲೆ ನೇರವಾಗಿ ಬ್ರೇಕ್ ಹಾಕಿದಾಗಿನ ಅಳತೆ ಮಾತ್ರ. ತಿರುವಿನ ಹಿಡಿತವನ್ನಾಗಲಿ ತೇಲುವಿಕೆಯನ್ನಾಗಲಿ ಅದು ಹೇಳುವುದಿಲ್ಲ. ಟ್ರೆಡ್‌ವೇರ್ ಸಂಖ್ಯೆ ದೊಡ್ಡದಿದ್ದರೆ ಟೈರು ಬಹುಕಾಲ ಬಾಳುತ್ತದೆ ಎಂದಷ್ಟೇ ಅರ್ಥ, ಅದನ್ನೇ ಗುಣಮಟ್ಟವೆಂದು ಮಾರುವುದು ಸರಿಯಲ್ಲ. ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳಿಂದ ತಯಾರಾದ ವಾರ ಮತ್ತು ವರ್ಷ ತಿಳಿಯುತ್ತದೆ: 2324 ಎಂದಿದ್ದರೆ 2024ರ 23ನೇ ವಾರ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತು ಗಡುಸಾದ ಟೈರಿನ ದರ್ಜೆ ಎಷ್ಟೇ ಮೇಲಿದ್ದರೂ ಮಳೆಯಲ್ಲಿ ಅದನ್ನು ನಂಬುವಂತಿಲ್ಲ.

ಕಾನೂನು ಕಾರಿನ ಟೈರಿಗೆ 1.6 ಮಿ.ಮೀ. ಆಳದ ತೋಡು ಸಾಕೆನ್ನುತ್ತದೆ. ಹೊಸದರಲ್ಲಿ 8 ಮಿ.ಮೀ. ಆಸುಪಾಸಿರುವ ಆಳ 3ಕ್ಕೆ ಇಳಿದಾಗಲೇ ಬದಲಿಸಬೇಕೆಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ಒಣ ರಸ್ತೆಯಲ್ಲಿ ಏನೂ ಗೊತ್ತಾಗದ ಈ ಸವಕಳಿ ನೀರು ಬಿದ್ದೊಡನೆ ತನ್ನ ಸ್ವಭಾವ ತೋರಿಸುತ್ತದೆ. ಎರಡೇ ಟೈರು ಕೊಳ್ಳುವಾಗ, ಮುಂದಿನ ಚಕ್ರ ಎಳೆಯುವ ಕಾರಾದರೂ ಹೊಸ ಜೋಡಿಯನ್ನು ಹಿಂದಕ್ಕೇ ಹಾಕಿಸಬೇಕು. ಹಿಂಭಾಗ ಮೊದಲು ಜಾರಿದರೆ ಕಾರನ್ನು ಮರಳಿ ದಾರಿಗೆ ತರುವುದು ಸಾಮಾನ್ಯ ಚಾಲಕನ ಕೈಯಲ್ಲಿ ಆಗುವುದಿಲ್ಲ. ಮಳೆಯಲ್ಲಿ ಟೈರಿನ ಗಾಳಿ ಸ್ವಲ್ಪ ಕಡಿಮೆಯಿದ್ದರೆ ಹಿಡಿತ ಹೆಚ್ಚೆಂದು ನಂಬುವವರಿದ್ದಾರೆ. ನಡೆಯುವುದು ಅದಕ್ಕೆ ತೀರ ವಿರುದ್ಧ: ಗಾಳಿ ಕಡಿಮೆಯಾದಷ್ಟೂ ಟೈರು ಕಡಿಮೆ ವೇಗದಲ್ಲೇ ತೇಲತೊಡಗುತ್ತದೆ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಬರೆದ ಒತ್ತಡವನ್ನೇ ಇಡಬೇಕು, ಅದನ್ನೂ ಟೈರು ತಣ್ಣಗಿದ್ದಾಗಲೇ ಅಳೆಯಿಸಬೇಕು.

ನಮ್ಮ ಅವಳಿ ನಗರದ ಟೈರ್ ವ್ಯಾಪಾರಿಗಳು ಬೆಲೆಪಟ್ಟಿಯಲ್ಲಿ ಅಳತೆಯ ಪಕ್ಕದಲ್ಲೇ ಒದ್ದೆ ಹಿಡಿತದ ದರ್ಜೆಯನ್ನೂ ತಯಾರಾದ ವಾರವನ್ನೂ ಗ್ರಾಹಕರು ಕೇಳುವ ಮೊದಲೇ ಬರೆಯಬೇಕೆಂದು ವಿನಂತಿಸುತ್ತೇನೆ. ತಮ್ಮ ಪತ್ರಿಕೆಯೂ ಹೊಸ ಕಾರುಗಳನ್ನು ಪರಿಚಯಿಸುವಾಗ ಅಶ್ವಶಕ್ತಿ, ಮೈಲೇಜುಗಳ ಜೊತೆಗೆ ಅದಕ್ಕೆ ಯಾವ ಟೈರು ಬರುತ್ತದೆ, ಮಳೆಯಲ್ಲಿ ಅದರ ದರ್ಜೆ ಏನು ಎಂಬ ಒಂದು ಸಾಲನ್ನು ಸೇರಿಸಿದರೆ ಉಪಕಾರವಾಗುತ್ತದೆ.

ಇಂತಿ,
ತಮ್ಮ ಓದುಗ,
ವಿದ್ಯಾನಗರ, ಹುಬ್ಬಳ್ಳಿ