ಫೋಟೋದಾಚೆಗಿನ ನಾಯಿ

ಪ್ರೀತಿಯ ಪುಟ್ಟಿ,

ಬೇರೆ ದೇಶದ ಶೆಲ್ಟರ್‌ನಿಂದ, ಅಂದರೆ ದಿಕ್ಕಿಲ್ಲದ ನಾಯಿಗಳ ಆಶ್ರಯದಿಂದ, ದತ್ತು ತಗೋಬೇಕು ಅಂತ ನೀನು ಕಳಿಸಿದ ಆ ನಾಯಿಯ ಫೋಟೋ ಹತ್ತು ಸಲ ನೋಡಿದೆ. ಒಂದು ಕಿವಿ ನೆಟ್ಟಗಿದೆ, ಇನ್ನೊಂದು ಮಡಚಿಕೊಂಡಿದೆ. ಕಂಬಿಯ ಹಿಂದಿನ ಆ ಕಣ್ಣು ನೋಡಿದರೆ ಯಾರಿಗಾದರೂ ಕರುಳು ಚುರುಕ್ ಅನ್ನುತ್ತದೆ. "ದೊಡ್ಡಮ್ಮ, ಇವಳು ನನ್ನನ್ನೇ ನೋಡ್ತಿದಾಳೆ ಅನ್ಸುತ್ತೆ" ಅಂತ ಬರೆದಿದ್ದೀಯ. ಇಲ್ಲ ಕಣೇ. ಅವಳು ಫೋಟೋ ತೆಗೆಯುವವರ ಕೈಯಲ್ಲಿದ್ದ ತಿಂಡಿ ನೋಡುತ್ತಿದ್ದಾಳೆ.

ನಿನ್ನ ಉತ್ಸಾಹಕ್ಕೆ ತಣ್ಣೀರು ಎರಚಲು ಬರೆಯುತ್ತಿಲ್ಲ. 11 ವರ್ಷದ ಹಿಂದೆ ನಾನೂ ಹೀಗೇ ಒಂದು ಫೋಟೋ ನೋಡಿ ಗ್ರೀಸ್‌ನಿಂದ ನಮ್ಮ ನಾಯಿ ಕರಿಯನನ್ನು ತರಿಸಿಕೊಂಡವಳು. ಮನೆಯಲ್ಲಿ ಎಲ್ಲರೂ ಹುಚ್ಚು ಅಂದರು. ಸ್ವಲ್ಪ ಹುಚ್ಚೇ ಆಗಿತ್ತು. ಆಗ ನನಗೆ ಯಾರೂ ಹೇಳದೇ ಇದ್ದದ್ದನ್ನು ನಿನಗೆ ಹೇಳಿಬಿಡುತ್ತೇನೆ. ಆಮೇಲೆ ನಿನ್ನಿಷ್ಟ.

ಮೊದಲನೆಯದು, ನೀನು ಅವಳನ್ನು ಕಾಪಾಡುತ್ತಿದ್ದೀಯ ಅನ್ನುವುದು ಅವಳಿಗೆ ಗೊತ್ತಿಲ್ಲ. ಅವಳ ಲೆಕ್ಕದಲ್ಲಿ ನಡೆಯುವುದು ಇಷ್ಟೇ. ಗುರುತಿನ ವಾಸನೆ, ಗುರುತಿನ ಜೊತೆಗಾರರು, ದಿನಾ ಊಟ ಹಾಕುತ್ತಿದ್ದ ಕೈ, ಎಲ್ಲ ಒಂದೇ ದಿನ ಮಾಯ. ಒಂದು ಪೆಟ್ಟಿಗೆ, ಸದ್ದು, ಕತ್ತಲು. ಬಾಗಿಲು ತೆರೆದಾಗ ಎದುರಿಗೆ ಅಳುತ್ತಾ ನಗುತ್ತಾ ತೋಳು ಚಾಚಿ ನಿಂತ ಯಾರೋ ಒಬ್ಬರು. ಅದು ನೀನು! ಹೆದರದೆ ಇನ್ನೇನು ಮಾಡುತ್ತಾಳೆ, ಅಲ್ವಾ?

ಕರಿಯ ಬಂದ ರಾತ್ರಿ ನಾನು ಹೊಸ ಹಾಸಿಗೆ, ಆಟಿಕೆ, ಬೆಳ್ಳಿಯಂತೆ ಹೊಳೆಯುವ ತಟ್ಟೆ ಎಲ್ಲ ಸಜ್ಜು ಮಾಡಿದ್ದೆ. ಅವನು ಸೋಫಾ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಎರಡು ದಿನ ಉಚ್ಚೆ ಕೂಡ ಮಾಡಲಿಲ್ಲ. ಮೆಟ್ಟಿಲು ಅವನಿಗೆ ಗೊತ್ತಿರಲಿಲ್ಲ. ಗಾಜಿನ ಬಾಗಿಲು ಗೊತ್ತಿರಲಿಲ್ಲ. ಟಿವಿ ಹಾಕಿದರೆ ನಡುಗುತ್ತಿದ್ದ. ಬೀದಿಯಲ್ಲಿ ಹುಟ್ಟಿ ಬೆಳೆದ ನಾಯಿಗೆ ಮನೆಯೇ ಒಂದು ವಿದೇಶ. ಆಮೇಲೆ ಯಾರೋ ಹೇಳಿದರು, ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಇದೆಯಂತೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ದಿನಚರಿ, ಮೂರು ತಿಂಗಳಿಗೆ ಮನೆಯವನು. ಕರಿಯ ಆ ಲೆಕ್ಕ ಓದಿರಲಿಲ್ಲ. ಅವನು ತಾನಾಗಿ ಬಂದು ನನ್ನ ಕಾಲಿಗೆ ಮೈ ತಾಗಿಸಿ ಕೂತದ್ದು 8 ತಿಂಗಳಿಗೆ. ಇವತ್ತಿಗೂ ಬಾಗಿಲ ಪಕ್ಕ ಯಾರಾದರೂ ನಿಂತಿದ್ದರೆ ಒಳಗೆ ಬರುವುದಿಲ್ಲ. ಅವರು ಸರಿಯುವವರೆಗೆ ಹೊರಗೇ ಕಾಯುತ್ತಾನೆ. ಅದು ಹೋಗುವುದೂ ಇಲ್ಲ ಅಂತ ಒಪ್ಪಿಕೊಂಡಿದ್ದೇನೆ.

ಹಾಗಾಗಿ ಆ ಶೆಲ್ಟರ್‌ನವರಿಗೆ ಬರೆದು ಇನ್ನಷ್ಟು ಮುದ್ದಾದ ಫೋಟೋ ಕೇಳಬೇಡ. ವಿಡಿಯೋ ಕೇಳು. ಅಪರಿಚಿತರು ಬಂದರೆ ಏನು ಮಾಡುತ್ತಾಳೆ? ಮೈ ಮುಟ್ಟಿದರೆ? ಊಟದ ತಟ್ಟೆಯ ಹತ್ತಿರ ಹೋದರೆ? ಕತ್ತಿಗೆ ಹಗ್ಗ ಹಾಕಿದರೆ ನಡೆಯುತ್ತಾಳೋ, ನೆಲಕ್ಕೆ ಅಂಟಿಕೊಳ್ಳುತ್ತಾಳೋ? ಹಿಂದೆ ಮನೆಯಲ್ಲಿ ಇದ್ದವಳೋ, ಬೀದಿಯವಳೋ? "ತುಂಬಾ ಪ್ರೀತಿಯ ಹುಡುಗಿ, ಎಲ್ಲರ ಜೊತೆ ಹೊಂದಿಕೊಳ್ಳುತ್ತಾಳೆ" ಅಂತ ಎಲ್ಲ ನಾಯಿಗೂ ಒಂದೇ ಮಾತು ಬರೆಯುವವರನ್ನು ನಂಬಬೇಡ. ಹೆಣ್ಣು ನೋಡಲು ಬಂದವರ ಮುಂದೆ ಹೇಳುವ ಮಾತಿನ ಹಾಗೆ ಅದು.

ಒಳ್ಳೆಯ ಸಂಸ್ಥೆಯವರನ್ನು ಗುರುತಿಸಲು ನನಗೆ ಗೊತ್ತಿರುವ ದಾರಿ ಒಂದೇ. ನೀನು ಕೇಳುವುದಕ್ಕಿಂತ ಜಾಸ್ತಿ ಪ್ರಶ್ನೆ ಅವರು ನಿನಗೆ ಕೇಳುತ್ತಾರೆ. ಮನೆ ಬಾಡಿಗೆಯದೋ, ಮಾಲೀಕರು ಒಪ್ಪಿದ್ದಾರೋ, ನಾಯಿ ಎಷ್ಟು ಹೊತ್ತು ಒಬ್ಬಳೇ ಇರಬೇಕು, ಬೇಲಿ ಎಷ್ಟೆತ್ತರ, ಹೀಗೆ. ಮನೆ ನೋಡಲು ಜನ ಕಳಿಸುತ್ತಾರೆ. ಹೊಂದಿಕೆಯಾಗದಿದ್ದರೆ ಯಾವಾಗ ಬೇಕಾದರೂ ನಾವೇ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಬರೆದು ಕೊಡುತ್ತಾರೆ. ಬರೆದು ಕೊಡಬೇಕು, ಬಾಯಿಮಾತು ಸಾಲದು. ನಾಯಿ ವಿಮಾನ ಹತ್ತಿದ ಮೇಲೆ ಫೋನ್ ಎತ್ತದವರೂ ಇದ್ದಾರೆ. ಮೊದಲೇ ಹಣ ಹಾಕು, ಸೀಟು ಖಾಲಿ ಇದೆ, ನಾಳೆ ಇವಳನ್ನು ಕೊಲ್ಲುತ್ತಾರೆ ಅಂತ ಅವಸರ ಮಾಡಿದರೆ ಒಂದು ದಿನ ಸುಮ್ನೆ ಕೂತು ಯೋಚಿಸು.

ಕೊಲ್ಲುವ ಮಾತು ಎಲ್ಲ ಕಡೆಯೂ ಸುಳ್ಳಲ್ಲ ಅನ್ನುವುದನ್ನೂ ಹೇಳಬೇಕು. ರೊಮೇನಿಯಾದಲ್ಲಿ 2013ರಲ್ಲಿ ರಾಜಧಾನಿ ಬುಕಾರೆಸ್ಟ್‌ನಲ್ಲಿ 4 ವರ್ಷದ ಮಗುವೊಂದು ನಾಯಿಗಳ ದಾಳಿಯಲ್ಲಿ ತೀರಿಕೊಂಡಿತು. ಅದರ ಬೆನ್ನಿಗೇ ಒಂದು ಕಾನೂನು ಬಂತು. ಹಿಡಿದು ತಂದ ನಾಯಿಯನ್ನು 14 ಕೆಲಸದ ದಿನಗಳಲ್ಲಿ ಯಾರೂ ಒಯ್ಯದಿದ್ದರೆ ಕೊಲ್ಲಬಹುದು. ಅಲ್ಲಿಂದ ಬೇರೆ ದೇಶಗಳಿಗೆ ಅಷ್ಟೊಂದು ನಾಯಿಗಳು ಹೊರಡುವುದಕ್ಕೆ ಇದೂ ಒಂದು ಕಾರಣ. ಅವಸರ ನಿಜವಾಗಿದ್ದರೂ ಪರೀಕ್ಷೆ ಬಿಡುವಂತಿಲ್ಲ, ಅಷ್ಟೇ.

ಈಗ ಕಾಗದಪತ್ರ. ಇದು ನಿನಗೆ ಬೇಸರದ ವಿಷಯ, ಗೊತ್ತು. ನಿಯಮ ದೇಶಕ್ಕೊಂದು ಥರ. ಯುರೋಪ್ ಒಕ್ಕೂಟದ ನಿಯಮ ತಗೋ. ಮೊದಲು ಮೈಕ್ರೋಚಿಪ್ (ಚರ್ಮದಡಿ ಹಾಕುವ, ಗುರುತಿನ ಸಂಖ್ಯೆ ಇರುವ ಪುಟ್ಟ ಚಿಪ್), ಆಮೇಲೆ ರೇಬೀಸ್ ಅಂದರೆ ಹುಚ್ಚುನಾಯಿ ರೋಗದ ಲಸಿಕೆ. ಹಿಂದುಮುಂದಾದರೆ ಆ ಲಸಿಕೆ ಲೆಕ್ಕಕ್ಕಿಲ್ಲ. ಮರಿಗೆ 12 ವಾರ ತುಂಬಿರಬೇಕು, ಮೊದಲ ಲಸಿಕೆಯಾಗಿ 21 ದಿನ ಕಾಯಬೇಕು. ರೇಬೀಸ್ ಜಾಸ್ತಿ ಇರುವ ಕಡೆಯಿಂದ ಬಂದರೆ ಲಸಿಕೆಯಾಗಿ 30 ದಿನದ ಮೇಲೆ ರಕ್ತ ಪರೀಕ್ಷೆ, ಅದಾಗಿ ಮತ್ತೆ 3 ತಿಂಗಳು. ಬ್ರಿಟನ್, ಐರ್ಲೆಂಡ್, ಫಿನ್‌ಲೆಂಡ್, ಮಾಲ್ಟಾ, ನಾರ್ವೆಗೆ ಹೋಗುವುದಾದರೆ ತಲುಪುವ 24ರಿಂದ 120 ಗಂಟೆ ಮುಂಚೆ ಲಾಡಿಹುಳುವಿನ ಮದ್ದು ಹಾಕಿಸಿರಬೇಕು. ಅಮೆರಿಕ 2024ರ ಆಗಸ್ಟ್ 1ರಿಂದ 6 ತಿಂಗಳು ತುಂಬದ ನಾಯಿಯನ್ನು ಒಳಗೇ ಬಿಡುವುದಿಲ್ಲ. ಕೆನಡಾ ಇನ್ನೂ ಕಟ್ಟುನಿಟ್ಟು. ರೇಬೀಸ್ ಅಪಾಯ ಹೆಚ್ಚಿರುವ ದೇಶಗಳಿಂದ ದತ್ತು ಕೊಡಲು ತರುವ ನಾಯಿಗಳನ್ನು 2022ರ ಸೆಪ್ಟೆಂಬರ್ 28ರಿಂದ ನಿಲ್ಲಿಸಿಬಿಟ್ಟಿತು.

ಯಾಕಿಷ್ಟು ಕಟ್ಟುನಿಟ್ಟು ಅಂತ ಗೊಣಗಬೇಡ. 2021ರ ಜೂನ್‌ನಲ್ಲಿ ಅಜರ್‌ಬೈಜಾನ್‌ನಿಂದ 33 ನಾಯಿ, ಒಂದು ಬೆಕ್ಕು ಶಿಕಾಗೋದಲ್ಲಿ ಬಂದಿಳಿದವು. ನಾಯಿಗಳಿಗೆಲ್ಲ ಲಸಿಕೆಯ ಕಾಗದ ಇತ್ತು. ಅಲ್ಲಿಂದ ಬೇರೆ ಬೇರೆ ರಾಜ್ಯಗಳ ಮನೆಗಳಿಗೆ ಹೋದವು. ಕೆಲವೇ ದಿನಕ್ಕೆ ಪೆನ್ಸಿಲ್ವೇನಿಯಾ ತಲುಪಿದ್ದ ನಾಯಿಯೊಂದಕ್ಕೆ ರೇಬೀಸ್ ಅಂತ ತಿಳಿಯಿತು. ಕಾಗದದಲ್ಲಿ ಲಸಿಕೆ ಇತ್ತು, ಮೈಯಲ್ಲಿ ಅದರ ಬಲ ಇರಲಿಲ್ಲ. ಆ ಮನೆಯವರ ಗತಿ ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ.

ರೇಬೀಸ್ ಒಂದೇ ಅಲ್ಲ. ಮರಳು ನೊಣದಿಂದ ಬರುವ ಲೀಶ್ಮೇನಿಯಾ ಅನ್ನುವ ರೋಗ ಮೆಡಿಟರೇನಿಯನ್ ಸುತ್ತಿನ ದೇಶಗಳಲ್ಲಿ ಸಾಮಾನ್ಯ. ಕರಿಯ ಬರುವಾಗ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದಿತ್ತು. ಒಂದೂವರೆ ವರ್ಷಕ್ಕೆ ಕಣ್ಣಿನ ಸುತ್ತ ಕೂದಲು ಉದುರಿತು, ಉಗುರು ವಿಪರೀತ ಉದ್ದ ಬೆಳೆಯಿತು. ನಾನು ಚರ್ಮದ ಅಲರ್ಜಿ ಅಂದುಕೊಂಡು ಎರಡು ತಿಂಗಳು ಕಳೆದೆ. ಅದು ಮೈಯೊಳಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಡಗಿರುತ್ತದೆ. ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿಡಬಹುದು. ಮನುಷ್ಯರಿಗೆ ಗೌಟ್ ಅನ್ನುವ ಕೀಲುನೋವಿಗೆ ಕೊಡುವ ಅಲೋಪ್ಯೂರಿನಾಲ್ ಮಾತ್ರೆಯನ್ನೇ ಅವನು ಇವತ್ತಿಗೂ ನುಂಗುತ್ತಾನೆ. ನನ್ನ ಬಿಪಿ ಮಾತ್ರೆ, ಅವನ ಮಾತ್ರೆ ಒಂದೇ ಡಬ್ಬಿಯಲ್ಲಿ. ಒಮ್ಮೆ ಅದಲುಬದಲು ಆಗುವುದು ಸ್ವಲ್ಪದರಲ್ಲಿ ತಪ್ಪಿತು, ಆಮೇಲೆ ಡಬ್ಬಿ ಬೇರೆ ಮಾಡಿದೆ.

ಇನ್ನೊಂದು ಬ್ರುಸೆಲ್ಲಾ ಕ್ಯಾನಿಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು. ಇದು ಅಪರೂಪಕ್ಕಾದರೂ ಮನುಷ್ಯರಿಗೂ ಅಂಟುತ್ತದೆ. ಬ್ರಿಟನ್ನಿನಲ್ಲಿ 2020ರಿಂದೀಚೆಗೆ ಇದು ಜಾಸ್ತಿಯಾಯಿತು. ಹೆಚ್ಚಿನವು ರೊಮೇನಿಯಾ ಮತ್ತು ಪೂರ್ವ ಯುರೋಪಿನಿಂದ ಬಂದ ನಾಯಿಗಳು. ಔಷಧಿ ಕೊಟ್ಟರೂ ವಾಸಿಯಾಯಿತು ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ. ನಾಯಿ ಹೊರಡುವ ಮೊದಲೇ ಈ ಪರೀಕ್ಷೆ ಮಾಡಿಸು. ನಿನ್ನಲ್ಲಿಗೆ ಬಂದು ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿಸು, ಸೋಂಕು ತಗುಲಿದ ಕೂಡಲೇ ರಕ್ತದಲ್ಲಿ ಕಾಣಿಸುವುದಿಲ್ಲ. ನಿನ್ನ ಅತ್ತಿಗೆ ಬಸುರಿ ಅಂತಿದ್ದೆಯಲ್ಲ, ಇದನ್ನು ಮರೆಯಲೇಬೇಡ. ಹೃದಯದ ಹುಳು, ಉಣ್ಣಿಯಿಂದ ಬರುವ ಜ್ವರಗಳ ಬಗ್ಗೆಯೂ ಡಾಕ್ಟರನ್ನು ಕೇಳು. ಹುಟ್ಟಿದ ದೇಶ ಯಾವುದು ಅಂತ ಮೊದಲೇ ಹೇಳಿಬಿಡು.

ಪ್ರಯಾಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೆಟ್ಟಿಗೆಯಲ್ಲಿ ಅವಳು ನಿಲ್ಲಬೇಕು, ತಿರುಗಬೇಕು, ಮಲಗಬೇಕು, ಅಷ್ಟು ಜಾಗ ಇರಲಿ. ಪಾಪ ಹೆದರುತ್ತಾಳೆ ಅಂತ ಮಂಪರಿನ ಔಷಧಿ ಕೊಡಲು ಒಪ್ಪಬೇಡ. ಹಾರುವಾಗ ಅದೇ ಅಪಾಯ.

ನನ್ನ ದೊಡ್ಡ ತಪ್ಪಿನ ಕಥೆ ಈಗ. ಕರಿಯ ಬಂದ ಮೂರನೇ ದಿನ. ಸೋಫಾ ಹಿಂದಿನಿಂದ ಹೊರಗೆ ಬಂದ ಅನ್ನುವ ಖುಷಿಗೆ ಸಾಧಾರಣ ಹಾರ್ನೆಸ್ (ಎದೆಗೆ ಸುತ್ತಿ ಹಗ್ಗ ಕಟ್ಟುವ ಪಟ್ಟಿ) ಹಾಕಿ ಬೀದಿಗೆ ಕರೆದುಕೊಂಡು ಹೋದೆ. ಒಂದು ಲಾರಿ ಹಾರ್ನ್ ಹೊಡೆಯಿತು. ಅವನು ಹಿಂದಕ್ಕೆ ಜಗ್ಗಿದ, ತಲೆ ತಗ್ಗಿಸಿದ, ಅಷ್ಟೇ. ಖಾಲಿ ಹಾರ್ನೆಸ್ ನನ್ನ ಕೈಯಲ್ಲಿ, ನಾಯಿ ಬೀದಿಯ ತುದಿಯಲ್ಲಿ. ನಾನು ಕೂಗುತ್ತಾ ಓಡಿದೆ. ಅದು ಎರಡನೇ ತಪ್ಪು. ಅಟ್ಟಿಸಿಕೊಂಡು ಬಂದರೆ ಹೆದರಿದ ನಾಯಿ ಇನ್ನೂ ದೂರ ಓಡುತ್ತದೆ. ಹೆಸರು ಕರೆದರೆ ಏನು ಬಂತು? ಆ ಹೆಸರಿಟ್ಟು ಮೂರು ದಿನ ಆಗಿತ್ತು!

ನಾಲ್ಕನೇ ದಿನ ಯಾರೋ ಒಳ್ಳೆಯವರು ಅವನನ್ನು ಹಿಡಿದು ಕ್ಲಿನಿಕ್‌ಗೆ ಒಯ್ದು ಚಿಪ್ ಓದಿಸಿದ್ದಾರೆ. 15 ಅಂಕಿ ಬಂತು. ಆದರೆ ಅದು ಇನ್ನೂ ಹಳೆಯ ಶೆಲ್ಟರ್ ಹೆಸರಲ್ಲೇ ಇತ್ತು, ಸಮುದ್ರದಾಚೆಯ ವಿಳಾಸ. ಅವರು ಬದಲಾಯಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ಫೋನ್ ಬರುವಷ್ಟರಲ್ಲಿ ಅಲ್ಲಿಂದಲೂ ತಪ್ಪಿಸಿಕೊಂಡಿದ್ದ. ಕೊನೆಗೆ ಅವನನ್ನು ಮೊದಲು ಕಳೆದುಕೊಂಡ ಜಾಗದಲ್ಲೇ ನಾನು ಮಲಗುವ ಹೊದಿಕೆ ಹಾಸಿ, ಬೇಯಿಸಿದ ಕೋಳಿ ಇಟ್ಟು, ಬೆನ್ನು ತಿರುಗಿಸಿ ನೆಲದ ಮೇಲೆ ಕೂತೆ. ರಾತ್ರಿ ಇಡೀ. ಮರುದಿನವೂ. ಒಂಬತ್ತನೇ ದಿನ ಬೆಳಗಿನ ಜಾವ ಹಿಂದಿನಿಂದ ಜಗಿಯುವ ಸದ್ದು ಕೇಳಿಸಿತು. ತಿರುಗಿ ನೋಡದೇ ಕೂತಿರುವುದು ಎಷ್ಟು ಕಷ್ಟ ಗೊತ್ತಾ? ಆಮೇಲೆ ಚಿಪ್ ಹೆಸರು ಬದಲಾಯಿಸಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಆದ್ದರಿಂದ ಅವಳು ಬಂದ ದಿನವೇ ಚಿಪ್ ನಿನ್ನ ಹೆಸರಿಗೆ, ನಿನ್ನ ಫೋನ್ ನಂಬರಿಗೆ ಆಗಿರಬೇಕು. ಹೊಟ್ಟೆಯ ಮೇಲೂ ಪಟ್ಟಿ ಬರುವ ಹಾರ್ನೆಸ್ ತಗೋ. ಕಾಲರ್‌ಗೊಂದು, ಹಾರ್ನೆಸ್‌ಗೊಂದು, ಎರಡು ಹಗ್ಗ ಕಟ್ಟು. ಕಾರಿನಿಂದ ಇಳಿಸುವ ಮೊದಲು ಮನೆಯ ಗೇಟು ಹಾಕಿರು. ಮೊದಲ ಎರಡು ಮೂರು ವಾರ ವಾಕಿಂಗ್ ಬೇಡ, ಅಂಗಳ ಸಾಕು. ನೆಂಟರಿಷ್ಟರು, ಗೆಳತಿಯರು ನೋಡಲು ಬರುವುದೂ ಬೇಡ. ಅವರಿಗೆ ಬೇಜಾರಾದರೆ ನನ್ನ ಹೆಸರು ಹೇಳು.

ಇನ್ನೊಂದು ಮಾತು ಕೇಳಬೇಕೋ ಬೇಡವೋ ಅಂತ ಯೋಚಿಸಿದೆ. ಕೇಳಿಯೇಬಿಡುತ್ತೇನೆ. ನಿನ್ನ ಮನೆಯಿಂದ ಅರ್ಧ ಗಂಟೆ ದೂರದ ಶೆಲ್ಟರ್‌ಗೆ ಹೋಗಿ ನೋಡಿದ್ದೀಯಾ? ಅಲ್ಲಿ ನಾಯಿಯ ಜೊತೆ ಒಂದು ಗಂಟೆ ಕೂರಬಹುದು, ಮರುದಿನ ಮತ್ತೆ ಹೋಗಬಹುದು. ಇವಳೇ ಬೇಕು ಅಂದರೆ, ಆಕೆಯನ್ನು ಮೊದಲು ನಿನ್ನ ದೇಶದಲ್ಲೇ ಒಬ್ಬರ ಮನೆಯಲ್ಲಿ ಸ್ವಲ್ಪ ದಿನ ಇರಿಸುತ್ತಾರಾ ಅಂತ ಕೇಳು. ಎಷ್ಟೋ ಸಂಸ್ಥೆಗಳು ಹಾಗೆ ಮಾಡುತ್ತವೆ. ಹೋಗಿ ನೋಡಿ, ವಾಸನೆ ಹಿಡಿಸಿ, ಆಮೇಲೆ ಹೂಂ ಅನ್ನು. ಇನ್ನು ಕೆಲವು ನಾಯಿಗಳು ಇದ್ದಲ್ಲೇ ಸುಖವಾಗಿರುತ್ತವೆ. ಬೀದಿಯೇ ಮನೆ, ಊಟ ಹಾಕುವವರು ಇದ್ದಾರೆ, ಜೊತೆಗಾರರಿದ್ದಾರೆ. ಅಂಥದ್ದನ್ನು ಎತ್ತಿ ತಂದು ನಾಲ್ಕನೇ ಮಹಡಿಯ ಮನೆಯಲ್ಲಿ ಇಡುವುದಕ್ಕಿಂತ, ಅದೇ ಹಣದಲ್ಲಿ ಅಲ್ಲಿನ ಹತ್ತಾರು ನಾಯಿಗಳಿಗೆ ಮರಿಯಾಗದ ಆಪರೇಷನ್ ಮಾಡಿಸಬಹುದು. ಕರಿಯನನ್ನು ತರುವಾಗ ನನಗೆ ಇದು ಹೊಳೆದಿರಲಿಲ್ಲ. ಹೊಳೆದಿದ್ದರೂ ತರುತ್ತಿದ್ದೆನೇನೋ. ಅದಕ್ಕೇ ನಿನಗೆ ಬೇಡ ಅನ್ನಲು ನನಗೆ ಬಾಯಿಲ್ಲ.

ಅವರ ಉತ್ತರ, ರಕ್ತ ಪರೀಕ್ಷೆಯ ಕಾಗದ ಬಂದ ಮೇಲೆ ನನಗೂ ಕಳಿಸು. ಕರಿಯನ ಮೊದಲ ಹಾರ್ನೆಸ್ ಇನ್ನೂ ಮೊಳೆಗೆ ನೇತುಹಾಕಿದ್ದೇನೆ, ಹೊಟ್ಟೆಪಟ್ಟಿ ಇಲ್ಲದ್ದು. ಅದನ್ನು ಕೊಡುವುದಿಲ್ಲ. ಹೊಸದನ್ನು ನಾನೇ ಕೊಡಿಸುತ್ತೇನೆ, ಅವಳ ಎದೆ ಮತ್ತು ಸೊಂಟದ ಅಳತೆ ಕೇಳಿ ಬರೆ. ಸೆಂಟಿಮೀಟರಿನಲ್ಲಿ ಬರೆ, ಗೇಣಿನ ಲೆಕ್ಕದಲ್ಲಿ ಅಲ್ಲ.

ಇಂತಿ ನಿನ್ನ,
ದೊಡ್ಡಮ್ಮ