ಮುರಿದ ನಿಯಮದ ನಷ್ಟ ಯಾರು ಹೊರಬೇಕು? ಎನ್‌ಬಿಎ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಶ್ರೀ ಆಡಮ್ ಸಿಲ್ವರ್ ಅವರಿಗೆ,
ಆಯುಕ್ತರು, ನ್ಯಾಷನಲ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್, ನ್ಯೂಯಾರ್ಕ್

ವಿಷಯ: ಫ್ರೀ ಏಜೆನ್ಸಿ (ಒಪ್ಪಂದ ಮುಗಿದ ಆಟಗಾರರು ಹೊಸ ತಂಡ ಆರಿಸಿಕೊಳ್ಳುವ) ಅವಧಿಯಲ್ಲಿ ಟ್ಯಾಂಪರಿಂಗ್ ನಿಯಮಗಳ ಜಾರಿ

ಮಾನ್ಯರೇ,

ಇನ್ನೊಂದು ತಂಡದ ಒಪ್ಪಂದದಲ್ಲಿರುವ ಆಟಗಾರನನ್ನು ಅವಧಿಗೆ ಮುನ್ನವೇ ಗುಟ್ಟಾಗಿ ಮಾತಾಡಿಸಿ ತನ್ನತ್ತ ಒಲಿಸಿಕೊಳ್ಳುವ, ಅಂದರೆ ಟ್ಯಾಂಪರಿಂಗ್ ಮಾಡುವ ತಂಡಕ್ಕೆ ತಾವು ವಿಧಿಸುತ್ತಿರುವ ಶಿಕ್ಷೆಯಲ್ಲಿ ದೊಡ್ಡದೊಂದು ಕೊರತೆಯಿದೆ. ತಪ್ಪು ಮಾಡಿದ ತಂಡದಿಂದ ಡ್ರಾಫ್ಟ್ ಆಯ್ಕೆಯೊಂದನ್ನು (ಪ್ರತಿ ವರ್ಷ ಎರಡು ಸುತ್ತುಗಳಲ್ಲಿ ಹೊಸ ಆಟಗಾರರನ್ನು ಆರಿಸುವಾಗ ತಂಡಕ್ಕೆ ಸಿಗುವ ಸರದಿ) ಕಿತ್ತುಕೊಳ್ಳಲಾಗುತ್ತದೆ, ಆದರೆ ಆಟಗಾರನನ್ನು ಕಳೆದುಕೊಂಡ ತಂಡಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಕಿತ್ತುಕೊಂಡ ಆಯ್ಕೆಯನ್ನು ನೊಂದ ತಂಡಕ್ಕೇ ಕೊಡಬೇಕು, ಅದರ ತೂಕವು ಕೈತಪ್ಪಿದ ಆಟಗಾರನ ತೂಕಕ್ಕೆ ಸರಿಹೊಂದಬೇಕು ಎಂಬುದೇ ಈ ಪತ್ರದ ಬೇಡಿಕೆ.

ಜೂನ್ 30ರ ಸಂಜೆ 6 ಗಂಟೆಗೆ ನ್ಯೂಯಾರ್ಕಿನಲ್ಲಿ ಫ್ರೀ ಏಜೆನ್ಸಿ ಮಾತುಕತೆಯ ಬಾಗಿಲು ತೆರೆಯುವಾಗ ನಮ್ಮ ಬೆಂಗಳೂರಿನಲ್ಲಿ ಜುಲೈ 1ರ ನಸುಕಿನ 3.30 ಆಗಿರುತ್ತದೆ. ಆ ಹೊತ್ತಿಗೆ ಎದ್ದು ಫೋನ್ ಹಿಡಿದು ಕೂರುವ ಅಭಿಮಾನಿಗಳು ಇಲ್ಲಿಯೂ ಇದ್ದಾರೆ. ಬಾಗಿಲು ತೆರೆದ ನಿಮಿಷದೊಳಗೆ ನಾಲ್ಕು ವರ್ಷದ, ಕೋಟಿಗಟ್ಟಲೆ ಡಾಲರಿನ ಒಪ್ಪಂದಗಳು ಕುದುರಿದ ಸುದ್ದಿ ಸಾಲುಸಾಲಾಗಿ ಬರುತ್ತದೆ. ಅಷ್ಟು ದೊಡ್ಡ ಮಾತು ಒಂದು ನಿಮಿಷದಲ್ಲಿ ಮುಗಿಯುವುದು ಸಾಧ್ಯವಿಲ್ಲವೆಂದು ಶಾಲೆಯ ಅಂಗಳದಲ್ಲಿ ಚೆಂಡು ಪುಟಿಸುವ ಹುಡುಗನಿಗೂ ಗೊತ್ತು. 2019ರಲ್ಲಂತೂ ಕೆಂಬಾ ವಾಕರ್ ಬೋಸ್ಟನ್ ಸೇರುವ ಸುದ್ದಿ ಆ ಗಳಿಗೆಗೆ ಮೊದಲೇ ಹೊರಬಿದ್ದಿತ್ತು.

ಆ ಬೇಸಿಗೆಯ ಬಳಿಕ ತಾವು ಸುಮ್ಮನೆ ಕೂರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಜಾರಿಗೊಳಿಸಲಾಗದ ನಿಯಮ ಇಟ್ಟುಕೊಂಡು ಪ್ರಯೋಜನವಿಲ್ಲ ಎಂಬರ್ಥದ ಮಾತನ್ನು ತಾವೇ ಆಗ ಆಡಿದ್ದಿರಿ. ಸೆಪ್ಟೆಂಬರ್‌ನಲ್ಲಿ ಮಾಲೀಕರ ಮಂಡಳಿ ಗರಿಷ್ಠ ದಂಡವನ್ನು 1 ಕೋಟಿ ಡಾಲರಿಗೆ ಏರಿಸಿತು. ವರ್ಷಕ್ಕೆ 5 ತಂಡಗಳನ್ನು ಯಾದೃಚ್ಛಿಕವಾಗಿ ಆರಿಸಿ ತಪಾಸಣೆ ಮಾಡುವುದು, ಏಜೆಂಟರೊಂದಿಗಿನ ಸಂದೇಶಗಳನ್ನು ಒಂದು ವರ್ಷ ಕಾಪಿಡುವುದು, ತಾವು ತಪ್ಪು ಮಾಡಿಲ್ಲವೆಂದು ತಂಡದ ಮುಖ್ಯಸ್ಥರು ಪ್ರತಿ ವರ್ಷ ಬರೆದುಕೊಡುವುದು, ಇವೆಲ್ಲ ಆಗ ಬಂದವು. ಅಧಿಕಾರಿಗಳನ್ನು ಅಮಾನತು ಮಾಡುವ, ಒಪ್ಪಂದವನ್ನೇ ರದ್ದುಪಡಿಸುವ ಅಧಿಕಾರವೂ ತಮ್ಮ ಕೈಯಲ್ಲಿದೆ.

ಆದರೆ ಅಧಿಕಾರ ಬಳಕೆಯಾದ ಬಗೆಯನ್ನು ನೋಡಿದಾಗ ಬೇಸರವಾಗುತ್ತದೆ. ಜೇಲನ್ ಬ್ರನ್ಸನ್ ಪ್ರಕರಣವನ್ನೇ ನೋಡಿ. 2022ರ ಏಪ್ರಿಲ್‌ನಲ್ಲಿ ಅವರು ಆಗಿದ್ದ ಡಲ್ಲಾಸ್ ತಂಡ ಪ್ಲೇಆಫ್ ಆಡುತ್ತಿದ್ದಾಗ ನ್ಯೂಯಾರ್ಕ್ ನಿಕ್ಸ್‌ನ ಹಿರಿಯರು ಅಂಕಣದ ಪಕ್ಕದ ಆಸನಗಳಲ್ಲಿ ಕೂತು ಆಟ ನೋಡಿದರು. ನಿಕ್ಸ್‌ನ ಅಧ್ಯಕ್ಷ ಲಿಯಾನ್ ರೋಸ್ ಹಿಂದೆ ಬ್ರನ್ಸನ್‌ಗೆ ಏಜೆಂಟ್ ಆಗಿದ್ದವರು. ಜೂನ್‌ನಲ್ಲಿ ಬ್ರನ್ಸನ್‌ರ ತಂದೆ ರಿಕ್ ಬ್ರನ್ಸನ್ ಅದೇ ತಂಡದ ಸಹಾಯಕ ತರಬೇತುದಾರರಾದರು. ಡ್ರಾಫ್ಟ್ ರಾತ್ರಿಯಿಂದ ಹಿಡಿದು ತಿಂಗಳ ಕೊನೆಯವರೆಗೆ ನಿಕ್ಸ್ ಒಬ್ಬೊಬ್ಬ ಆಟಗಾರನನ್ನು ಡೆಟ್ರಾಯಿಟ್‌ಗೆ ಸಾಗಿಸಿ ಸ್ಯಾಲರಿ ಕ್ಯಾಪ್‌ನಲ್ಲಿ, ಅಂದರೆ ತಂಡದ ಒಟ್ಟು ಸಂಬಳದ ಮಿತಿಯೊಳಗೆ ಜಾಗ ಮಾಡಿಕೊಂಡಿತು. ಕೊನೆಗೆ 4 ವರ್ಷಕ್ಕೆ 10.4 ಕೋಟಿ ಡಾಲರಿನ ಒಪ್ಪಂದವಾಯಿತು. ಒಬ್ಬ ಮಗ ತಂದೆಯ ಜೊತೆ ಮಾತಾಡುವುದನ್ನು ಯಾರೂ ತಪ್ಪೆನ್ನಲಾರರು, ನಾನೂ ಅನ್ನುವುದಿಲ್ಲ. ಆದರೆ ಅವಧಿಗೆ ಮುನ್ನ ಮಾತುಕತೆ ನಡೆದದ್ದು ನಿಜವೆಂದು ತಮ್ಮ ತನಿಖೆಯೇ ಹೇಳಿದ ಮೇಲೆ ಸಿಕ್ಕ ಶಿಕ್ಷೆ 2025ರ ಎರಡನೇ ಸುತ್ತಿನ ಒಂದು ಆಯ್ಕೆ ಮಾತ್ರ. ಬ್ರನ್ಸನ್ ನಿಕ್ಸ್‌ನ ನಾಯಕನಾಗಿ ಬೆಳೆದರು, 2025ರಲ್ಲಿ ತಂಡ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ ತಲುಪಿತು. ತಾನೇ ಬೆಳೆಸಿದ ಆಟಗಾರನನ್ನು ಕಳೆದುಕೊಂಡ ಡಲ್ಲಾಸ್‌ಗೆ ಬರಿಗೈ.

ಮರುವರ್ಷ ಫೀನಿಕ್ಸ್ ತಂಡ ಡ್ರೂ ಯೂಬ್ಯಾಂಕ್ಸ್ ಎಂಬ ಬದಲಿ ಸೆಂಟರ್‌ನ ಜೊತೆ ಬೇಗ ಮಾತಾಡಿದ್ದಕ್ಕೂ ಎರಡನೇ ಸುತ್ತಿನ ಒಂದು ಆಯ್ಕೆಯನ್ನೇ ಕಳೆದುಕೊಂಡಿತು. ಕೆಲವು ನಿಮಿಷ ಅಂಕಣಕ್ಕಿಳಿಯುವ ಆಟಗಾರನಿಗೂ ಒಂದು ನಗರದ ಕ್ರೀಡಾಭವಿಷ್ಯವನ್ನೇ ಬದಲಿಸಿದ ಆಟಗಾರನಿಗೂ ಒಂದೇ ಬೆಲೆ ಎಂದಾದರೆ, ದೊಡ್ಡ ತಪ್ಪು ಮಾಡುವವನಿಗೇ ಹೆಚ್ಚು ಲಾಭ. 2021ರಲ್ಲಿ ಕೈಲ್ ಲೌರಿಗಾಗಿ ಮಯಾಮಿ, ಲಾಂಜೊ ಬಾಲ್‌ಗಾಗಿ ಷಿಕಾಗೋ ತೆತ್ತದ್ದೂ ಇಷ್ಟೇ. ಫಿಲಡೆಲ್ಫಿಯಾ ಮಾತ್ರ ಇಬ್ಬರು ಆಟಗಾರರ ವಿಷಯದಲ್ಲಿ ಎರಡು ಆಯ್ಕೆಗಳನ್ನು ಬಿಟ್ಟುಕೊಟ್ಟಿತು. ಹೀಗೆ ಮುಟ್ಟುಗೋಲಾದ ಆಯ್ಕೆಗಳಿಂದಾಗಿ 60 ಹೆಸರು ಕರೆಯಬೇಕಾದ ಡ್ರಾಫ್ಟ್‌ನಲ್ಲಿ 2022, 2023 ಮತ್ತು 2024ರಲ್ಲಿ 58 ಹೆಸರುಗಳನ್ನೂ 2025ರಲ್ಲಿ 59 ಹೆಸರುಗಳನ್ನೂ ಕರೆಯಲಾಯಿತು. ತಪ್ಪು ಮಾಡಿದ್ದು ತಂಡಗಳು, ಆದರೆ ಪ್ರತಿ ವರ್ಷ ಒಬ್ಬಿಬ್ಬರು ತರುಣರಿಗೆ ಆ ವೇದಿಕೆಯಲ್ಲಿ ತಮ್ಮ ಹೆಸರು ಕೇಳುವ ಅವಕಾಶ ತಪ್ಪಿತು. ಸ್ವತಃ ಬ್ರನ್ಸನ್ 2018ರಲ್ಲಿ ಎರಡನೇ ಸುತ್ತಿನಲ್ಲೇ, 33ನೆಯವರಾಗಿ ಆಯ್ಕೆಯಾದವರು ಎಂಬುದನ್ನು ತಮಗೆ ನೆನಪಿಸಬೇಕಾಗಿಲ್ಲ.

ಸ್ಯಾಕ್ರಮೆಂಟೊ ಕಿಂಗ್ಸ್ ಬಗ್ಗೆಯೂ ಹೇಳಬೇಕು. ಮುಂಬೈಯಲ್ಲಿ ಹುಟ್ಟಿ ಬೆಳೆದ ವಿವೇಕ್ ರಣದಿವೆ ಅವರ ಒಡೆತನದ ಆ ತಂಡ 2019ರ ಅಕ್ಟೋಬರ್‌ನಲ್ಲಿ ಮುಂಬೈಗೇ ಬಂದು ಇಂಡಿಯಾನಾ ಪೇಸರ್ಸ್ ಎದುರು ಆಡಿದಾಗ ನಮ್ಮಲ್ಲಿ ಅನೇಕರಿಗೆ ಅದು ನಮ್ಮದೇ ತಂಡವೆನಿಸಿಬಿಟ್ಟಿತು. ಮರುವರ್ಷ ನವೆಂಬರ್‌ನಲ್ಲಿ ಫ್ರೀ ಏಜೆನ್ಸಿ ಶುರುವಾಗುವ ಮುನ್ನವೇ ಕಿಂಗ್ಸ್‌ನ ಬೊಗ್ಡಾನ್ ಬೊಗ್ಡಾನೊವಿಚ್ ಮಿಲ್ವಾಕಿಗೆ ಹೋಗುವುದು ಖಚಿತವೆಂಬ ಸುದ್ದಿ ಹೊರಬಂತು. ಆ ವ್ಯವಹಾರ ಮುರಿದುಬಿತ್ತು, ಮಿಲ್ವಾಕಿ 2022ರ ಎರಡನೇ ಸುತ್ತಿನ ಆಯ್ಕೆ ಕಳೆದುಕೊಂಡಿತು. ಬೊಗ್ಡಾನೊವಿಚ್ ಅಟ್ಲಾಂಟಾಗೆ ಹೋದರು. ಅಷ್ಟೇ ಮೊತ್ತ ಕೊಟ್ಟು ಅವರನ್ನು ಉಳಿಸಿಕೊಳ್ಳುವ ಹಕ್ಕಿದ್ದರೂ ಅಟ್ಲಾಂಟಾದ ಪ್ರಸ್ತಾಪಕ್ಕೆ ಸರಿಗಟ್ಟದಿರಲು ಕಿಂಗ್ಸ್ ತಾನೇ ನಿರ್ಧರಿಸಿತು, ಅದು ಬೇರೆ ವಿಷಯ. ಆದರೆ ತಪ್ಪು ಸಾಬೀತಾದ ಮೇಲೆ ಮುಟ್ಟುಗೋಲಾದ ಆಯ್ಕೆ ಯಾರಿಗೂ ಸೇರದೆ ಹೋದದ್ದಕ್ಕೆ ಏನು ಸಮರ್ಥನೆಯಿದೆ?

ನೊಂದವರಿಗೆ ಪರಿಹಾರ ಕೊಡಿಸುವುದು ಹೊಸ ಕಲ್ಪನೆಯೇನಲ್ಲ. 1995ರಲ್ಲಿ ಪ್ಯಾಟ್ ರೈಲಿ ನಿಕ್ಸ್ ತರಬೇತುದಾರನ ಹುದ್ದೆ ಬಿಟ್ಟು ಮಯಾಮಿಗೆ ಹೋದಾಗ ನಿಕ್ಸ್ ಟ್ಯಾಂಪರಿಂಗ್ ದೂರು ಕೊಟ್ಟಿತ್ತು. ಕೊನೆಗೆ ಮಯಾಮಿ ಮೊದಲ ಸುತ್ತಿನ ಒಂದು ಆಯ್ಕೆಯನ್ನೂ 10 ಲಕ್ಷ ಡಾಲರನ್ನೂ ನಿಕ್ಸ್‌ಗೇ ಕೊಟ್ಟು ರಾಜಿ ಮಾಡಿಕೊಂಡಿತು. ಅಂದು ಎರಡು ತಂಡಗಳು ತಾವಾಗಿ ಮುಟ್ಟಿದ ಪರಿಹಾರವನ್ನು ಇಂದು ಲೀಗ್ ನಿಯಮವಾಗಿ ಬರೆಯಲು ಅಡ್ಡಿಯೇನು? ತಂಡದ ಆಧಾರಸ್ತಂಭವಾಗಿದ್ದ ಆಟಗಾರನಿಗೆ ಮೊದಲ ಸುತ್ತಿನ ಆಯ್ಕೆ, ಉಳಿದವರಿಗೆ ಎರಡನೇ ಸುತ್ತಿನದು ಎಂದು ಒಪ್ಪಂದದ ಮೊತ್ತವನ್ನೇ ಅಳತೆಯಾಗಿ ಇಟ್ಟುಕೊಳ್ಳಬಹುದು.

ಬಿಗಿ ಜಾರಿಯೆಂದರೆ ಆಟಗಾರರ ಫೋನ್‌ಗಳಿಗೆ ಕೈಹಾಕುವುದೆಂಬ ಆತಂಕ ನನಗೆ ಅರ್ಥವಾಗುತ್ತದೆ. ನಾನು ಅದನ್ನು ಕೇಳುತ್ತಿಲ್ಲ. ಒಟ್ಟಿಗೆ ಆಡಬೇಕೆಂದು ಗೆಳೆಯರಿಬ್ಬರು ಊಟದ ಮೇಜಿನಲ್ಲಿ ಮಾತಾಡಿಕೊಂಡರೆ ಅದು ಅವರ ಸ್ವಾತಂತ್ರ್ಯ. ಹೊಣೆ ತಂಡದ ಆಡಳಿತದ ಮೇಲಿರಲಿ. ಈಗಾಗಲೇ ಸಾಬೀತಾಗುತ್ತಿರುವ ಪ್ರಕರಣಗಳಲ್ಲಿ ಶಿಕ್ಷೆ ಸರಿಯಾಗಿದ್ದರೆ ಹೊಸ ಪತ್ತೇದಾರಿಕೆಯೇ ಬೇಕಾಗುವುದಿಲ್ಲ. 2024ರಿಂದ ಫೈನಲ್ಸ್ ಮುಗಿದ ಮರುದಿನವೇ ತಂಡಗಳು ತಮ್ಮ ಆಟಗಾರರೊಂದಿಗೆ ಮಾತಾಡಬಹುದೆಂದು ಮಾಡಿದ್ದು ಒಳ್ಳೆಯ ಹೆಜ್ಜೆ, ಆಟಗಾರನನ್ನು ಉಳಿಸಿಕೊಳ್ಳಲು ಬಯಸುವ ತಂಡಕ್ಕೆ ಅದರಿಂದ ನ್ಯಾಯವಾದ ಮೊದಲ ಅವಕಾಶ ಸಿಕ್ಕಿದೆ. ಆ ಅವಕಾಶಕ್ಕೆ ಬೆಲೆಯಿರಬೇಕಾದರೆ ಅದೇ ದಿನಗಳಲ್ಲಿ ಹಿಂಬಾಗಿಲಿನಿಂದ ಬರುವ ತಂಡಕ್ಕೆ ನಿಜವಾದ ಭಯವಿರಬೇಕು.

ಇನ್ನೊಂದು ವಿನಂತಿ ತನಿಖಾ ವರದಿಗಳ ಬಗ್ಗೆ. ಇಂದು ನಮಗೆ ಸಿಗುವುದು ನಾಲ್ಕು ಸಾಲಿನ ಪ್ರಕಟಣೆ. ಯಾರು ಯಾರೊಡನೆ ಯಾವಾಗ ಮಾತಾಡಿದರು, ಶಿಕ್ಷೆಯನ್ನು ಯಾವ ಆಧಾರದ ಮೇಲೆ ನಿಗದಿ ಮಾಡಲಾಯಿತು, 5 ತಂಡಗಳ ತಪಾಸಣೆಯಲ್ಲಿ ಕಂಡದ್ದೇನು ಎಂಬುದನ್ನು ಖಾಸಗಿ ವಿವರಗಳನ್ನು ಬಿಟ್ಟು ಪ್ರಕಟಿಸಿದರೆ ಮುಂದಿನ ತಂಡಕ್ಕೆ ಗೆರೆ ಎಲ್ಲಿದೆಯೆಂದು ತಿಳಿಯುತ್ತದೆ, ಅಭಿಮಾನಿಗೂ ನಂಬಿಕೆ ಬರುತ್ತದೆ.

ಈ ಎರಡು ಬದಲಾವಣೆಗಳನ್ನು ಮುಂದಿನ ಮಾಲೀಕರ ಮಂಡಳಿ ಸಭೆಯ ಮುಂದಿಟ್ಟು, ಬರುವ ಫ್ರೀ ಏಜೆನ್ಸಿಗೆ ಮೊದಲೇ ಜಾರಿಗೆ ತರಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಬಾಸ್ಕೆಟ್‌ಬಾಲ್ ಅಭಿಮಾನಿ